ನಾಲ್ಕನೇ ರಿಂಗ್ ರೋಡಿನ ಆಚೆ

11 ಸೆಪ್ಟೆಂಬರ್ 1990, ಮಂಗಳವಾರ

ಇವತ್ತೂ ನಡೆದೆ. ರೊಟ್ಟಿಯ ಕ್ಯೂ ಮುಗಿಸಿ, ಖುಬ್ಬುಸ್ ಕಂಕುಳಲ್ಲಿಟ್ಟುಕೊಂಡು, ಶಾಬ್ ಕಡೆಗೆ. ಸಮುದ್ರದ ತನಕ ಬಿಡಲಿಲ್ಲ — ದಂಡೆಯುದ್ದಕ್ಕೂ ಮುಳ್ಳುತಂತಿ, ಮರಳಿನ ಚೀಲ. ಹಿಂದಿರುಗಿದೆ. ಅಂಗಿ ಹಿಂಡಿದರೆ ನೀರು. ಸೆಪ್ಟೆಂಬರಿನ ಇಲ್ಲಿನ ಸೆಕೆ ನಮ್ಮ ಕಾಪುವಿನ ಮೇ ತಿಂಗಳನ್ನೂ ಮೀರಿಸುತ್ತದೆ.

ಹದಿನೇಳು ವರ್ಷ ಈ ಕುವೈತಿನಲ್ಲಿ. ಮೈದಾನ್ ಹವಲ್ಲಿಯ ಫ್ಲ್ಯಾಟು, ಶರ್ಕ್‌ನ ಆಫೀಸು, ಶುಕ್ರವಾರ ಜಮಿಯಾದ ದೊಡ್ಡ ಅಂಗಡಿಯಲ್ಲಿ ಸಾಮಾನು — ನೋಡಿದ್ದೆಲ್ಲ ಕಾರಿನ ಕಿಟಕಿಯಿಂದ. ಆ ಕಾರನ್ನು ಆಗಸ್ಟಿನಲ್ಲೇ, ಊರು ಹಿಡಿದ ವಾರ, ಇರಾಕಿ ಸೈನಿಕರು ಒಯ್ದರು. ಕೀ ಕೇಳಿದರು, ಕೊಟ್ಟೆ. ಕೊಟ್ಟು ‘ಥ್ಯಾಂಕ್ಯೂ’ ಅಂದೆ. ಯಾಕೆ ಅಂದೆನೋ. ಈಗ ನೆನೆಸಿದರೂ ಕಿವಿ ಬಿಸಿಯಾಗುತ್ತದೆ.

ಹೆಂಡತಿ ರತ್ನಾವತಿ, ಮಗ ವಿನೀತ್ ಊರಿಗೆ ಹೊರಟ ಮೇಲೆ ಮನೆ ದೊಡ್ಡದಾಗಿದೆ. ಬಸ್ಸಿನಲ್ಲಿ ಬಗ್ದಾದ್, ಅಲ್ಲಿಂದ ಅಮ್ಮಾನ್, ಅಲ್ಲಿಂದ ವಿಮಾನ. ‘ನೀವೂ ಬನ್ನಿ’ ಎಂದು ರತ್ನಾ ಅತ್ತಳು. ಖಾಲಿ ಬಿಟ್ಟರೆ ಕಿಟಕಿಯ ಚೌಕಟ್ಟನ್ನೂ ಕಿತ್ತುಕೊಂಡು ಹೋಗುತ್ತಾರೆ, ನಾನಿರುತ್ತೇನೆ ಎಂದೆ. ‘ಯೂ ಆರ್ ಬ್ರೇವ್, ಡ್ಯಾಡ್’ ಎಂದ ವಿನೀತ್. ತಿದ್ದಲಿಲ್ಲ.

ಈಗ ಜೊತೆಗೆ ರಾಯಪ್ಪ. ಇಳಕಲ್ ಕಡೆಯವನು, ಸಬ್ಹಾನ್‌ನ ಒಂದು ಗೋಡೌನಿನಲ್ಲಿ ಮೆಕ್ಯಾನಿಕ್. ಅವರ ಕ್ಯಾಂಪ್ ಲೂಟಿಯಾದ ಮೇಲೆ ನಡೆದುಕೊಂಡೇ ಬಂದು ಬಾಗಿಲು ತಟ್ಟಿದ. ರಾಜ್ಯೋತ್ಸವದಲ್ಲಿ ಒಮ್ಮೆ ಕಂಡಿದ್ದ ಪರಿಚಯ. ವಿನೀತನ ಮಂಚದಲ್ಲಿ ಮಲಗುತ್ತಾನೆ. ಕಾಲು ಹೊರಗೆ ಚಾಚಿಕೊಳ್ಳುತ್ತದೆ.

‘ಅಡ್ಡಾಡಾಕ ಇದೇ ಟೈಮ್ ಸಿಕ್ತೇನ್ರಿ ಅಣ್ಣಾರ ನಿಮಗ?’ ಎಂದು ನಗುತ್ತಾನೆ.

ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ. ಅದಕ್ಕೇ ನಡಿಗೆ. ಅದಕ್ಕೇ ಈ ಬರಹವೂ. ಯಾರ ಕೈಗೆ ಸಿಕ್ಕಿದರೂ ಕನ್ನಡ ಓದಲು ಬರುವುದಿಲ್ಲ.

14 ಸೆಪ್ಟೆಂಬರ್, ಶುಕ್ರವಾರ

ನಾಲ್ಕನೇ ರಿಂಗ್ ರೋಡು ದಾಟಿ ಜಾಬ್ರಿಯಾ ಕಡೆಗೆ ಹೋದೆ. ಕುವೈತಿಗಳ ದೊಡ್ಡ ದೊಡ್ಡ ಮನೆಗಳು. ಬೀದಿಯ ಬೋರ್ಡುಗಳನ್ನು ಅವರೇ ಕಿತ್ತಿದ್ದಾರೆ, ಮನೆ ನಂಬರಿನ ಮೇಲೆ ಬಣ್ಣ ಬಳಿದಿದ್ದಾರೆ — ಹುಡುಕಿ ಬರುವ ಸೈನಿಕರಿಗೆ ದಾರಿ ತಪ್ಪಲಿ ಎಂದು. ನನಗೂ ತಪ್ಪಿತು. ನಿಂತು ಬೆವರು ಒರೆಸಿಕೊಂಡು, ‘ಎಂಚಿನ ಸೆಕೆ ಮಾರಾಯ’ ಎಂದು ತುಳುವಿನಲ್ಲಿ ಗೊಣಗಿದೆ.

ಪಕ್ಕದ ಕಬ್ಬಿಣದ ಗೇಟು ಮಾತಾಡಿತು: ‘ಊರು ಓಲು ಅಣ್ಣಾ?’

ಬೆಚ್ಚಿಬಿದ್ದೆ. ತುಳುವಿನಲ್ಲೇ, ಊರು ಎಲ್ಲಿ ಎಂದು ಕೇಳುತ್ತಿತ್ತು. ಗೇಟಿನ ಸಂದಿಯಲ್ಲಿ ಕಪ್ಪು ಬಟ್ಟೆ, ಎರಡು ಕಣ್ಣು. ಕಾಪು ಎಂದೆ.

‘ನಾನು ಆಯಿಶಮ್ಮ, ಉಪ್ಪಿನಂಗಡಿ. ಈ ಮನೆಯಲ್ಲಿ ಕೆಲಸಕ್ಕೆ ಇರುವುದು. ಯಜಮಾನರು, ಹೆಂಡತಿ, ಮಕ್ಕಳು ಎಲ್ಲ ಜುಲಾಯಿಯಲ್ಲಿ ಲಂಡನ್ನಿಗೆ ಹೋದವರು ಅಲ್ಲೇ ಬಾಕಿ ಆದರು. ಇಲ್ಲಿ ಅಜ್ಜಿ ಮತ್ತು ನಾನು ಮಾತ್ರ. ನಾನು ಹೊರಗೆ ಹೋದರೆ... ಹೆಂಗಸರಿಗೆ ಹೇಗೆ ಅಂತ ನಿಮಗೆ ಗೊತ್ತುಂಟಲ್ಲ. ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿಯಿತು. ಒಮ್ಮೆ ತಂದು ಕೊಡಬಹುದಾ ಅಣ್ಣ?’

‘ಒಮ್ಮೆ ಯಾಕೆ, ಎಷ್ಟು ಸಲ ಬೇಕಾದರೂ ತರುತ್ತೇನೆ. ನಾನಿಲ್ಲವಾ?’

ಹಾಗೆಯೇ ಹೇಳಿದೆ. ಎದೆಯ ಮೇಲೆ ಕೈಯಿಟ್ಟು ಹೇಳಿದೆ.

26 ಸೆಪ್ಟೆಂಬರ್, ಬುಧವಾರ

ದಿನ ಬಿಟ್ಟು ದಿನ ಹೋಗುತ್ತಿದ್ದೇನೆ. ಹವಲ್ಲಿಯ ಕ್ಲಿನಿಕ್ಕಿನ ಅಲೋಶಿಯಸ್, ನಮ್ಮ ಮಂಗಳೂರಿನವರೇ, ಮಾತ್ರೆ ಕೊಡುತ್ತಾರೆ. ರೊಟ್ಟಿ, ಟೊಮೆಟೊ, ಸಿಕ್ಕರೆ ಮೊಸರು. ಇಂಡಿಯನ್ ಎಂದರೆ ಚೆಕ್‌ಪೋಸ್ಟಿನಲ್ಲಿ ಹೆಚ್ಚು ಕೇಳುವುದಿಲ್ಲ. ‘ಹಿಂದಿ? ಚಲೋ, ಯಲ್ಲಾ!’ ಅಷ್ಟೇ.

ಅಜ್ಜಿಗೆ ಎಂಬತ್ತರ ಹತ್ತಿರ. ಗೇಟಿನ ಒಳಗೆ ಬೇವಿನ ನೆರಳಲ್ಲಿ ಕುರ್ಚಿ. ನಾನು ಒಳಗೆ ಕಾಲಿಟ್ಟ ಕೂಡಲೇ ಮೊದಲು ನೀರು. ಪೂರ್ತಿ ಕುಡಿದು ಲೋಟ ಬೋರಲು ಹಾಕಿ ತೋರಿಸಬೇಕು, ಆಮೇಲೆ ಮಾತು. ‘ಯಾ ಕುಮಾರ್’ ಎನ್ನುತ್ತಾರೆ. ನನ್ನ ಹೆಸರು ಸುಕುಮಾರ ಅವರ ಬಾಯಲ್ಲಿ ನಿಲ್ಲುವುದಿಲ್ಲ.

ನನ್ನ ಅರಬಿ ಆಫೀಸಿನ ಅರಬಿ; ಉಳಿದದ್ದನ್ನು ಆಯಿಶಮ್ಮ ತಿಳಿಸಿ ಹೇಳುತ್ತಾರೆ. ಹವಲ್ಲಿಯಲ್ಲಿ ಹಿಂದೆ ಸಿಹಿನೀರಿನ ಬಾವಿಗಳಿದ್ದವಂತೆ. ಅಜ್ಜಿ ಹುಡುಗಿಯಾಗಿದ್ದಾಗ ಪೇಟೆಯ ಮಣ್ಣಿನ ಗೋಡೆ ದಾಟಿ, ತಾಯಿಯ ಜೊತೆ ಕತ್ತೆಯ ಹಿಂದೆ ನಡೆದು ಅಲ್ಲಿಗೆ ಬರುತ್ತಿದ್ದರಂತೆ. ನಾನು ಅದೇ ಹವಲ್ಲಿಯಲ್ಲಿ ಹದಿನೇಳು ವರ್ಷ ನಲ್ಲಿ ತಿರುಗಿಸಿ ಕುಡಿದವನು.

‘ನೀನು ಒಳ್ಳೆಯ ತಾಯಿಯ ಮಗ ಅಂತ ಹೇಳ್ತಾರೆ ಅಜ್ಜಿ’ ಎಂದರು ಆಯಿಶಮ್ಮ.

ವಾಪಸು ಬರುವಾಗ ಕಾಲು ನೆಲಕ್ಕೆ ತಾಗಲಿಲ್ಲ.

8 ಅಕ್ಟೋಬರ್, ಸೋಮವಾರ

ಗಾಳಿ ತಿರುಗಿದೆ. ಬೆಳಿಗ್ಗೆ ಹಿತ. ಕಾರುಗಳಿಲ್ಲದ ರಸ್ತೆಯಲ್ಲಿ ಹಕ್ಕಿಯ ಕೂಗು ಕೇಳಿತು — ಪಿಕಳಾರವೇ! ಈ ಊರಲ್ಲಿ ಹಕ್ಕಿ ಇತ್ತೆಂದೇ ಗೊತ್ತಿರಲಿಲ್ಲ. ಟ್ಯೂನಿಸ್ ಸ್ಟ್ರೀಟಿನ ನಡುವೆ, ಬಿಳಿ ಗೆರೆಯ ಮೇಲೆಯೇ ನಡೆದೆ. ಸುಟ್ಟ ಕಸದ ರಾಶಿ, ಒಡೆದ ಅಂಗಡಿ, ಯಾರದೋ ಮನೆಯಿಂದ ಹೊರಗೆಸೆದ ಆಲ್ಬಮ್ಮಿನ ಫೋಟೋಗಳು... ಅವನ್ನು ದಾಟುತ್ತಾ ನನಗೆ ಖುಷಿಯಾಗುತ್ತಿತ್ತು. ಬರೆದು ಹೊಡೆದುಹಾಕಿದೆ. ಮತ್ತೆ ಬರೆದೆ. ನಿಜ ತಾನೇ. ಇನ್ನೊಬ್ಬರ ಊರು ಹಾಳಾದ ಮೇಲೆ ನನಗೆ ಅದು ನನ್ನ ಊರು ಅನ್ನಿಸಿದೆ.

‘ನಾನೂ ಬರ್ಲೇನ್ರಿ ಜೋಡೀಲೆ? ಆ ಮುದುಕಿ ಮಾರಿ ನೋಡ್ಬೇಕಂತ ಭಾಳ ಆಗೇತ್ರಿ’ ಎಂದ ರಾಯಪ್ಪ.

ಬೇಡ, ಇಬ್ಬರಾದರೆ ಸಂಶಯ ಎಂದೆ. ಹಾಗೇನೂ ಇಲ್ಲ. ಆ ಲೋಟ ನೀರು, ಆ ‘ಯಾ ಕುಮಾರ್’ — ಹಂಚಿಕೊಳ್ಳಲು ಮನಸ್ಸಿರಲಿಲ್ಲ.

21 ಅಕ್ಟೋಬರ್, ಭಾನುವಾರ

ಬರೆಯಲೇಬೇಕು. ಬರೆಯದಿದ್ದರೆ ನಾಳೆ ನನಗೆ ನಾನೇ ಬೇರೆ ಕಥೆ ಹೇಳಿಕೊಳ್ಳುತ್ತೇನೆ.

ರಿಂಗ್ ರೋಡಿನಲ್ಲಿ ಹೊಸ ಸೈನಿಕರು. ಚೀಲ ಸುರಿಸಿದರು. ಮಾತ್ರೆ ಸಿಕ್ಕಿತು. ಯಾರಿಗೆ? ನನಗೆ. ನಿನಗೆ ಕಾಯಿಲೆಯೇ? ಹೌದು. ಹಾಗಾದರೆ ತಿನ್ನು.

ಒಂದು ನುಂಗಿದೆ. ಇನ್ನೂ ತಿನ್ನು. ಬಾಯಿ ಒಣಗಿ ಗಂಟಲಲ್ಲಿ ಸಿಕ್ಕಿಕೊಂಡವು. ಒಬ್ಬ ಕೆನ್ನೆಗೆ ಹೊಡೆದ. ಕನ್ನಡಕ ಬಿತ್ತು. ಬಗ್ಗಿ ತೆಗೆದುಕೊಳ್ಳುವಾಗ ಬಂದೂಕಿನ ತುದಿ ಕುತ್ತಿಗೆಗೆ ತಾಗಿಸಿ — ಯಾವ ಕುವೈತಿ ಮನೆ, ಹೇಳು. ಯಾವುದೂ ಇಲ್ಲ ಸಾರ್, ನನ್ನದೇ ಸಾರ್. ಆಗ ಪ್ಯಾಂಟು ಒದ್ದೆಯಾಯಿತು. ಅವರು ನಕ್ಕರು. ಹಿಂದೆ ಕ್ಯೂನಲ್ಲಿದ್ದವರು ಬೇರೆ ಕಡೆ ನೋಡಿದರು. ಮತ್ತೊಮ್ಮೆ ಕಂಡರೆ ಟ್ರಕ್ಕಿಗೆ ಹಾಕುತ್ತೇವೆ, ಖಲಾಸ್ ಎಂದರು.

ರೊಟ್ಟಿ ಅಲ್ಲೇ ಬಿಟ್ಟು ಬಂದೆ. ಮೆಟ್ಟಿಲಲ್ಲಿ ತಲೆ ತಿರುಗಿ ಕೂತೆ. ಮೈಯೆಲ್ಲ ತಣ್ಣಗೆ — ಆ ಮಾತ್ರೆಗಳ ಕೆಲಸ. ರಾಯಪ್ಪ ಎತ್ತಿಕೊಂಡು ಹೋಗಿ ಸಕ್ಕರೆ ನೀರು ಕುಡಿಸಿದ. ಬಿಸಿಲಿಗೆ ಹೀಗಾಯಿತು ಎಂದೆ. ಪ್ಯಾಂಟಿನ ಮೇಲೆ ನೀರು ಚೆಲ್ಲಿಕೊಂಡೆ, ಗೊತ್ತಾಗದಿರಲಿ ಎಂದು.

23 ಅಕ್ಟೋಬರ್, ಮಂಗಳವಾರ

‘ಇವತ್ತ ಹೋಗಂಗಿಲ್ಲೇನ್ರಿ ಅಣ್ಣಾರ?’

‘ಇಲ್ಲ.’

‘ಮೈಯಾಗ ಹುಷಾರಿಲ್ಲಂದ್ರ ನಾ ಹೋಗಿ ಕೊಟ್ಟು ಬರ್ತೀನ್ರಿ. ಮನಿ ಗುರ್ತು ಹೇಳ್ರಿ ಸಾಕು.’

ಅಂಗಿ ಹಾಕಿಕೊಂಡೇ ನಿಂತಿದ್ದ.

‘ಬೇಕಾಗಿಲ್ಲ ರಾಯಪ್ಪ. ಸಂಬಂಧಿಕರು ಬಂದು ಇಬ್ಬರನ್ನೂ ಕರೆದುಕೊಂಡು ಹೋದರು. ಮೊನ್ನೆಯೇ.’

‘ಹೌದೇನ್ರಿ! ಚಲೋ ಆತು ಬಿಡ್ರಿ’ ಎಂದ. ಅವನ ಮುಖ ಅರಳಿತು.

ಸುಳ್ಳು ಬಾಯಿಗೆ ಬಂದುಬಿಟ್ಟಿತು. ಅವನು ಹೋದರೆ ಚೆಕ್‌ಪೋಸ್ಟಿನ ವಿಷಯ ಹೇಳಬೇಕಾಗುತ್ತಿತ್ತು. ಅಥವಾ ಅವನು ಸುಲಭವಾಗಿ ದಾಟಿ ಹೋಗಿ ಬಂದುಬಿಡುತ್ತಿದ್ದ... ಅದು ಇನ್ನೂ ಕಷ್ಟ.

ನಾಳೆ ನಿಜ ಹೇಳುತ್ತೇನೆ.

9 ನವೆಂಬರ್, ಶುಕ್ರವಾರ

ಹೇಳಲಿಲ್ಲ.

ನಡಿಗೆ ಬಿಟ್ಟಿಲ್ಲ. ಉತ್ತರಕ್ಕೆ, ಪಡುವಣಕ್ಕೆ. ಇವತ್ತು ಹಳೇ ಪೇಟೆಯ ತನಕ. ಅಜ್ಜಿ ಹೇಳಿದ್ದ ಗೋಡೆ ಈಗಿಲ್ಲ, ಬಾಗಿಲುಗಳು ಮಾತ್ರ ಉಳಿದಿವೆ. ಶಾಬ್ ಗೇಟಿನ ಕೆಳಗೆ ನಿಂತೆ. ಮಣ್ಣಿನ ಬಣ್ಣದ ಎರಡು ದಪ್ಪ ಕಂಬ, ನಡುವೆ ಮರದ ಬಾಗಿಲು. ಇದರ ಮೂಲಕವೇ ಆ ಹುಡುಗಿ ಕತ್ತೆಯ ಹಿಂದೆ ನಡೆದಳೇ? ಕೈಯಿಂದ ಮುಟ್ಟಿದೆ. ಯಾತ್ರಿಕನ ಹಾಗೆ. ನಾಚಿಕೆಗೇಡು. ಆಕೆಯ ಊರನ್ನೆಲ್ಲ ಸುತ್ತುತ್ತೇನೆ, ಆಕೆಯ ಗೇಟಿನ ಕಡೆಗೆ ಮಾತ್ರ ಕಾಲು ಏಳುವುದಿಲ್ಲ.

ಅಲೋಶಿಯಸ್ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು, ‘ಸುಕುಮಾರ್, ಮಾತ್ರೆ ತೆಗೆದಿಟ್ಟಿದ್ದೇನೆ’ ಎಂದು ಕರೆದರು. ಕೇಳಿಸದವನಂತೆ ರಸ್ತೆ ದಾಟಿದೆ.

27 ನವೆಂಬರ್, ಮಂಗಳವಾರ

ಮೊದಲ ಮಳೆ. ಧೂಳಿನ ಮೇಲೆ ಬಿದ್ದಾಗ ನಮ್ಮೂರಿನದೇ ವಾಸನೆ. ರಾಯಪ್ಪ ಬಾಲ್ಕನಿಯಲ್ಲಿ ಕೈಚಾಚಿ ನಿಂತು, ‘ಆ ಅವ್ವಾರು ಎಲ್ಲಿದ್ದಾರೋ ಏನೋ, ಬೆಚ್ಚಗಿರ್ಲಿ’ ಎಂದ.

ಸಾರಿನಲ್ಲಿ ಉಪ್ಪು ಕಮ್ಮಿಯಾಯಿತೆಂದು ಅವನ ಮೇಲೆ ರೇಗಿದೆ.

6 ಡಿಸೆಂಬರ್, ಗುರುವಾರ

ಹೋದೆ.

ಚೆಕ್‌ಪೋಸ್ಟಿನಲ್ಲಿ ಚಳಿಗೆ ಮುದುಡಿ ಬೆಂಕಿಗೆ ಮೈ ಕಾಯಿಸಿಕೊಳ್ಳುತ್ತಿದ್ದ ಒಬ್ಬ ಹುಡುಗ ಸೈನಿಕ. ತಲೆಯೆತ್ತಿಯೂ ನೋಡಲಿಲ್ಲ. ಇಷ್ಟು ವಾರ ನಾನು ಹೆದರಿದ್ದು ಇದಕ್ಕೇ.

ಗೇಟು ತೆರೆದಿತ್ತು. ಮುಂಬಾಗಿಲು ಇರಲಿಲ್ಲ — ಕೀಲಿನ ಸಮೇತ ಕಿತ್ತಿದ್ದರು. ಒಳಗೆ ಸೋಫಾ ಇಲ್ಲ, ಫ್ರಿಜ್ಜಿಲ್ಲ, ಫ್ಯಾನಿಲ್ಲ. ಅಂಗಳದಲ್ಲಿ ಕುರ್ಚಿ ಮಗುಚಿ ಬಿದ್ದಿತ್ತು. ಆಯಿಶಮ್ಮ ಎಂದು ಕೂಗಿದೆ. ತುಳುವಿನಲ್ಲಿ ಕೂಗಿದೆ. ಕೋಣೆ ಕೋಣೆಗೂ ಹೋದೆ. ರಕ್ತ ಎಲ್ಲಾದರೂ ಇದೆಯೇ ಎಂದು ನೆಲ ನೋಡಿದೆ. ಇರಲಿಲ್ಲ. ಇಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡ ನಾನು ಎಂಥವನು.

ಸಂಬಂಧಿಕರು ಕರೆದುಕೊಂಡು ಹೋಗಿರಬಹುದು. ನನ್ನ ಸುಳ್ಳು ನಿಜವಾಗಿರಲಿ ಎಂದು ಕಾಪುವಿನ ಮಾರಿಯಮ್ಮನಿಗೆ ಹರಕೆ ಹೊತ್ತೆ. ದೇವರ ಹತ್ತಿರ ಕೇಳುವ ಮಾತೇ ಇದು?

18 ಜನವರಿ 1991, ಶುಕ್ರವಾರ

ನಿನ್ನೆಯಿಂದ ಇರಾಕಿಗಳ ಮೇಲೆ ಬಾಂಬು. ಕಿಟಕಿಗೆಲ್ಲ ಟೇಪು ಅಂಟಿಸಿದ್ದೇವೆ. ನಡಿಗೆ ಇಲ್ಲ. ಬಾತ್‌ರೂಮಿನಲ್ಲಿ ಇಬ್ಬರೂ ಗೋಡೆಗೊರಗಿ ಕೂತಿರುತ್ತೇವೆ. ರಾಯಪ್ಪ ತನ್ನ ಹೆಂಡತಿ ಕಾಳವ್ವನ ಮಾತು ಹೇಳುತ್ತಾನೆ. ಇವತ್ತು ಹೇಳಿಬಿಡೋಣ ಎಂದು ಬಾಯಿ ತೆರೆದೆ. ‘ಏನ್ರಿ?’ ಎಂದ. ಚಹಾ ಮಾಡಲೇ ಎಂದೆ.

27 ಫೆಬ್ರವರಿ, ಬುಧವಾರ

ಇರಾಕಿಗಳು ಓಡಿದರು. ಬೀದಿಯಲ್ಲಿ ಬಾವುಟ, ಕಾರಿನ ಹಾರ್ನು, ಹೆಂಗಸರ ಹರ್ಷದ ಕೂಗು. ಆಕಾಶ ಮಾತ್ರ ಕಪ್ಪು — ಎಣ್ಣೆ ಬಾವಿಗಳು ಉರಿಯುತ್ತಿವೆ. ಮಧ್ಯಾಹ್ನವೇ ಟಾರ್ಚು ಹಿಡಿದು ನಡೆದೆ. ಮಸಿಯ ಮಳೆ ಹನಿಯಿತು; ಅಂಗಿಯ ಮೇಲೆ ಒರೆಸಿದಷ್ಟೂ ಹರಡುವ ಕಲೆ. ಯಾರೋ ಮುದುಕ ನನ್ನನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ. ನೀನು ನಮ್ಮನ್ನು ಬಿಟ್ಟು ಹೋಗಲಿಲ್ಲ ಎಂದ. ಅವನ ಹೆಗಲ ಮೇಲಿಂದ ಎಲ್ಲಿ ನೋಡುವುದೋ ತಿಳಿಯಲಿಲ್ಲ.

14 ಮಾರ್ಚ್, ಗುರುವಾರ

ನೀರಿನ ಟ್ಯಾಂಕರಿನ ಕ್ಯೂ. ನಾನು, ರಾಯಪ್ಪ, ಕೈಯಲ್ಲಿ ಕ್ಯಾನು. ಹಿಂದಿನಿಂದ ಯಾರೋ ಕೈ ಹಿಡಿದು ಎಳೆದರು.

‘ಅಣ್ಣಾ! ಬದುಕಿದ್ದೀರಾ? ಯಾ ಅಲ್ಲಾ, ಬದುಕಿದ್ದೀರಾ?’

ಆಯಿಶಮ್ಮ. ಸೊರಗಿ ಅರ್ಧವಾಗಿದ್ದರು. ಕ್ಯೂನಲ್ಲೇ ಗಳಗಳ ಅತ್ತರು.

‘ನಿಮ್ಮನ್ನು ಹಿಡಿದುಕೊಂಡು ಹೋದರು, ಕೊಂದೇಬಿಟ್ಟರು ಅಂತ ನಾವು... ನಮಗೋಸ್ಕರ ಜೀವ ಹೋಯಿತಲ್ಲ ಅಂತ ಅಜ್ಜಿ ಮೂರು ದಿನ ಊಟ ಮಾಡಲಿಲ್ಲ.’

‘ಅಜ್ಜಿ?’

‘ಹೋದರು ಅಣ್ಣ. ಜನವರಿಯಲ್ಲಿ, ಬಾಂಬು ಶುರುವಾದ ಮೇಲೆ. ನವೆಂಬರ್ ತನಕ ಅದೇ ಮನೆಯಲ್ಲಿ ಇದ್ದೆವು. ಮಾತ್ರೆ ಇಲ್ಲ, ಕಾಲಿಗೆ ಒಂದು ಗಾಯ ಆದದ್ದು ಮಾಗಲಿಲ್ಲ. ಸೈನಿಕರು ಬರುತ್ತಾರೆ ಅಂತ ಗೊತ್ತಾದ ದಿನ ಜಮಿಯಾದ ತಳ್ಳುಗಾಡಿಯಲ್ಲಿ ಅವರನ್ನು ಕೂರಿಸಿ, ಮೇಲೆ ಕಂಬಳಿ ಹಾಕಿ, ಸುರ್ರಾದಲ್ಲಿ ಅವರ ತಂಗಿಯ ಮನೆಗೆ ತಳ್ಳಿಕೊಂಡು ಹೋದೆ. ಆಗಲೇ ತಡವಾಗಿತ್ತು.’

ರಾಯಪ್ಪ ಕೇಳುತ್ತಾ ನಿಂತಿದ್ದ. ನನ್ನ ಕಡೆ ನೋಡಲಿಲ್ಲ. ಟ್ಯಾಂಕರಿನ ಪೈಪಿನ ಕಡೆಯೇ ನೋಡುತ್ತಿದ್ದ.

ನನ್ನ ಬಾಯಿಂದ ಬಂದದ್ದು: ‘ದೇವರು ದೊಡ್ಡವನು, ನಾನು ಪಾರಾದೆ.’

ಪಾರಾದೆ!

ಮನೆಗೆ ಬಂದು ರಾಯಪ್ಪ ಎರಡೂ ಕ್ಯಾನು ಅಡುಗೆಮನೆಯಲ್ಲಿಟ್ಟ.

‘ಸಂಬಂಧಿಕರು ಕರ್ಕೊಂಡ್ ಹೋಗ್ಯಾರ ಅಂದಿದ್ರೆಲ್ರಿ.’

‘ಹೌದು.’

‘ಅಕ್ಟೋಬರದಾಗ ಅಂದಿದ್ರಿ.’

‘ಹೌದು ರಾಯಪ್ಪ.’

ಬೈಯಲಿ ಎಂದು ಕಾದೆ. ಕೈ ಒರೆಸಿಕೊಂಡ.

‘ನಾ ಹೋಗ್ತಿದ್ನೆಲ್ರಿ’ ಎಂದ. ‘ನಾ ಹೋಗಿ ಕೊಟ್ಟು ಬರ್ತಿದ್ದೆ.’

16 ಮಾರ್ಚ್, ಶನಿವಾರ

ರಾಯಪ್ಪ ಸಬ್ಹಾನ್‌ಗೆ ವಾಪಸು ಹೋದ. ಗೋಡೌನು ರಿಪೇರಿಗೆ ಕರೆದಿದ್ದಾರಂತೆ. ಹಾಸಿಗೆ ಮಡಚಿ, ವಿನೀತನ ಕೋಣೆ ಗುಡಿಸಿ ಹೋದ. ‘ಉಂಡ ಋಣ ಐತ್ರಿ, ಹೋಗ್ಬರ್ತೀನಿ’ ಎಂದ. ಅಣ್ಣಾರ ಎನ್ನಲಿಲ್ಲ.

5 ಏಪ್ರಿಲ್, ಶುಕ್ರವಾರ

ಸುರ್ರಾಕ್ಕೆ ನಡೆದು ಹೋದೆ. ಹೊಗೆಯ ನಡುವೆ ಬಿಸಿಲು ಇಣುಕುತ್ತಿತ್ತು. ಆಯಿಶಮ್ಮ ಹಿಂದಿನ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು. ಕೂತೆ. ಎಲ್ಲ ಹೇಳಿದೆ. ಮಾತ್ರೆ ತಿನ್ನಿಸಿದ್ದು. ಪ್ಯಾಂಟು. ರಾಯಪ್ಪ ಅಂಗಿ ಹಾಕಿಕೊಂಡು ನಿಂತದ್ದು, ನಾನು ಹೇಳಿದ ಮಾತು.

ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಎಸೆದರು.

‘ಹೆದರಿದ್ದಕ್ಕೆ ನಾನು ಎಂತ ಹೇಳುವುದು ಅಣ್ಣ. ನಾನೂ ಹೆದರಿಯೇ ಗೇಟಿನ ಒಳಗೆ ಕೂತದ್ದು. ಆದರೆ ಇನ್ನೊಬ್ಬರು ಬರುತ್ತಿದ್ದರು ಅಂತ... ಅದನ್ನು ನನಗೆ ಯಾಕೆ ಹೇಳಿದಿರಿ? ಈಗ ನಾನು ಅದನ್ನು ಎಲ್ಲಿ ಇಡಲಿ?’

ನೆಲಕ್ಕೆ ಬಿದ್ದ ಅಕ್ಕಿಕಾಳು ಹೆಕ್ಕಿ ಮೊರಕ್ಕೆ ಹಾಕಿದೆ.

‘ಐದು ಹೊತ್ತೂ ನಿಮ್ಮ ಹೆಸರು ಹೇಳಿ ದುವಾ ಮಾಡಿದೆ. ಸತ್ತ ಒಳ್ಳೆಯ ಮನುಷ್ಯ ಅಂತ ಮಾಡಿದ್ದು. ಆ ದುವಾ ಎಲ್ಲ ಯಾರಿಗೆ ಹೋಯಿತು?’

‘ಕ್ಷಮಿಸಿ ಆಯಿಶಮ್ಮ.’

‘ನನ್ನ ಕ್ಷಮೆಯಿಂದ ಅಜ್ಜಿಯ ಕಾಲು ವಾಸಿ ಆಗುತ್ತದಾ?’ ಮೊರವನ್ನು ಪಕ್ಕಕ್ಕಿಟ್ಟರು. ‘ಲಂಡನ್ನಿನಿಂದ ಅಬ್ದುಲ್ ಲತೀಫ್ ಬರ್ತಾರೆ, ನಮ್ಮ ಯಜಮಾನರು, ಅಜ್ಜಿಯ ಮಗ. ಅಮ್ಮನ ಹತ್ತಿರ ನಾನಿರಲಿಲ್ಲ ಅಂತ ಫೋನಿನಲ್ಲಿ ಮಗುವಿನ ಹಾಗೆ ಅತ್ತರು. ಒಬ್ಬ ಇಂಡಿಯನ್ ಅಣ್ಣ ನಡೆದುಕೊಂಡು ಬಂದು ನೋಡಿಕೊಂಡ ಅಂತ ನಾನು ಆಗಲೇ ಹೇಳಿ ಆಗಿದೆ. ಅವರು ನಿಮ್ಮನ್ನು ಕರೆಯುತ್ತಾರೆ. ನೀವು ಬರಬೇಕು. ಕೂತು ಚಹಾ ಕುಡಿಯಬೇಕು. ಈಗ ನನಗೆ ಹೇಳಿದ್ದನ್ನು ಅವರಿಗೆ ಹೇಳಬಾರದು. ನಿಮ್ಮ ಎದೆ ಹಗುರ ಮಾಡಲಿಕ್ಕೆ ಅವರ ಎದೆಗೆ ಕಲ್ಲು ಹಾಕಬೇಡಿ.’

‘ನನ್ನಿಂದ ಆಗುವುದಿಲ್ಲ.’

‘ಆಗಬೇಕು’ ಎಂದರು. ಮೊರ ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.

19 ಏಪ್ರಿಲ್, ಶುಕ್ರವಾರ

ಕಾರು ಕಳಿಸುತ್ತೇನೆಂದಿದ್ದರು. ಬೇಡವೆಂದು ನಡೆದೇ ಹೋದೆ, ಜಾಬ್ರಿಯಾದ ಅದೇ ಮನೆಗೆ. ಹೊಸ ಬಾಗಿಲು, ಇನ್ನೂ ಬಣ್ಣ ಬಳಿದಿಲ್ಲ.

ಅಬ್ದುಲ್ ಲತೀಫ್‌ಗೆ ನನ್ನದೇ ವಯಸ್ಸು. ದಿವಾನಿಯಾದ ಹಜಾರದಲ್ಲಿ, ಬಂದಿದ್ದ ಗಂಡಸರೆಲ್ಲರ ನಡುವೆ, ನನ್ನನ್ನು ತನ್ನ ಬಲಕ್ಕೆ ಕೂರಿಸಿಕೊಂಡರು. ಹಣೆಗೆ ಮುತ್ತಿಟ್ಟರು. ಇವರು ನನ್ನ ತಾಯಿಗೆ ನಾನಿಲ್ಲದಾಗ ಮಗನಾಗಿದ್ದವರು ಎಂದರು. ಎಲ್ಲರೂ ಎದ್ದು ನಿಂತರು. ನಾನೂ ಎದ್ದೆ — ಇನ್ಯಾರೋ ಬಂದರೇನೋ ಎನ್ನುವವನ ಹಾಗೆ.

ಆಮೇಲೆ ನನ್ನ ಹತ್ತಿರ ಸರಿದು, ಸಣ್ಣ ದನಿಯಲ್ಲಿ ಇಂಗ್ಲಿಷಿನಲ್ಲಿ ಕೇಳಿದರು: ‘ಅಮ್ಮ ಹೇಗಿದ್ದರು ಆಗ? ಏನು ಮಾತಾಡುತ್ತಿದ್ದರು? ಎಲ್ಲವನ್ನೂ ಹೇಳಿ. ನನಗೆ ಏನೂ ಗೊತ್ತಿಲ್ಲ.’

ಗೊತ್ತಿದ್ದದ್ದನ್ನು ಹೇಳಿದೆ. ಬೇವಿನ ನೆರಳು. ಲೋಟ ಬೋರಲು ಹಾಕಿ ತೋರಿಸಬೇಕಾಗಿದ್ದದ್ದು. ಮಣ್ಣಿನ ಗೋಡೆ, ಕತ್ತೆ, ಹವಲ್ಲಿಯ ಬಾವಿ. ಆ ಕತ್ತೆಯ ಕಥೆಗೆ ಅವರು ನಕ್ಕರು, ಕಣ್ಣೊರೆಸಿಕೊಂಡರು. ಎಲ್ಲವೂ ನಿಜ. ಒಂದು ಅಕ್ಷರವೂ ಸುಳ್ಳಲ್ಲ. ಸೆಪ್ಟೆಂಬರ್ ಮುಗಿಯಿತು, ಅಕ್ಟೋಬರಿನ ಹಿತವಾದ ಗಾಳಿಯ ತನಕ ಬಂದೆ. ಅಲ್ಲಿಗೆ ನನ್ನ ಹತ್ತಿರ ಇದ್ದದ್ದು ಮುಗಿಯಿತು.

ಅವರು ನನ್ನ ಕೈ ಬಿಡಲಿಲ್ಲ.

‘ಆಮೇಲೆ?’ ಎಂದರು.

ಬಾಗಿಲಲ್ಲಿ ಆಯಿಶಮ್ಮ ಚಹಾದ ತಟ್ಟೆ ಹಿಡಿದು ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆದು, ಆಮೇಲೆ ಚಳಿಗಾಲ ಬಂತು, ಅಜ್ಜಿ ಆಗಲೂ ನನಗೆ ಮೊದಲು ನೀರನ್ನೇ ಕೊಡುತ್ತಿದ್ದರು ಎಂದೆ.